ಉಗುರು ಮೇಷ್ಟ್ರ ಉಂಗುರದ ಬೆರಳು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹಾಲು ಹಾಕುವವನಿಂದ ಹಿಡಿದು ಮೀಟರ್ ಓದಲು ಬರುವವನವರೆಗೆ ಎಲ್ಲರಿಗೂ ಅವರು ಉಗುರು ಮೇಷ್ಟ್ರು. ಬಲಗೈಯ ಹೆಬ್ಬೆರಳಿಗೂ ಅದರ ಪಕ್ಕದ ಮೂರು ಬೆರಳಿಗೂ ಉದ್ದ ಉಗುರು, ನಯವಾಗಿ ಉಜ್ಜಿ ಹೊಳಪು ಕೊಟ್ಟದ್ದು. ಎಡಗೈಯ ಉಗುರುಗಳೋ, ಇವೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಇದು ಜನಕ್ಕೆ ಅರಗದ ಸಂಗತಿ. ಎರಡೂ ಕೈಗೆ ಬಿಟ್ಟಿದ್ದರೆ ಶೋಕಿ ಎನ್ನಬಹುದಿತ್ತು. ಕಿರುಬೆರಳಿಗೊಂದೇ ಬಿಟ್ಟಿದ್ದರೆ ಕಿವಿ ಕೆರೆದುಕೊಳ್ಳುವುದಕ್ಕೆ ಎನ್ನಬಹುದಿತ್ತು. ಇವರದು ಯಾವ ಲೆಕ್ಕಕ್ಕೂ ಸಿಗದ ಕೈ.

"ಏನ್ ಮೇಷ್ಟ್ರೇ, ಒಂದು ಕೈದು ಕತ್ತರಿಸೋ ಹೊತ್ತಿಗೆ ಕರೆಂಟ್ ಹೋಯ್ತಾ?" ಎಂದು ಕ್ಷೌರದಂಗಡಿಯವನು ಒಮ್ಮೆ ಕೇಳಿದ. ಕಾಯುತ್ತ ಕೂತವರೆಲ್ಲ ಘೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು.

"ಗಿಟಾರ್ ನುಡಿಸ್ತೀನಪ್ಪ. ನಿಂಗೆ ಕತ್ತರಿ ಇದ್ದ ಹಾಗೆ ನಂಗೆ ಇವು."

"ಗಿಟಾರಿಗೆ ಪ್ಲಾಸ್ಟಿಕ್ ಚೂರು ಬರುತ್ತಲ್ವಾ? ನನ್ನ ಷಡ್ಡಕನ ಹತ್ರ ಇದೆ."

"ಅದು ಬೇರೆ ಥರದ ನುಡಿಸೋದು. ನಂದು ಬೆರಳಲ್ಲೇ."

"ಓಹೋ, ಇನ್ನೂ ಕಲೀತಿದ್ದೀರಾ?"

ಆಗ ಮೇಷ್ಟ್ರಿಗೆ ನಲವತ್ತು ದಾಟಿತ್ತು. ಆ ವಾದ್ಯ ಹಿಡಿದು ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು. ಇಂಥ ಮಾತಿಗೆ ಉತ್ತರ ಕೊಡುವುದನ್ನು ಅವರು ಎಂದೋ ಬಿಟ್ಟಿದ್ದರು. ಎಲ್ಲಿಗೆ ಹೋದರೂ ಪೆಟ್ಟಿಗೆ ಕಂಡ ಕೂಡಲೇ ಮೊದಲ ಪ್ರಶ್ನೆ, ಯಾವ ಬ್ಯಾಂಡು? ಬ್ಯಾಂಡಿಲ್ಲ, ಒಬ್ಬನೇ ನುಡಿಸುತ್ತೇನೆ ಎಂದರೆ, ಹಾಗಾದರೆ ಹಾಡುತ್ತೀರಾ? ಹಾಡುವುದಿಲ್ಲ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು, ಒಗ್ಗರಣೆ ಹಾಕದ ಅಡುಗೆ ಮುಂದಿಟ್ಟ ಹಾಗೆ. ಪಾಪ, ಗಂಟಲು ಸರಿಯಿಲ್ಲವೇನೋ ಎಂದು ಒಳಗೊಳಗೇ ಮರುಗಿದವರೂ ಉಂಟು.

ಅವರ ಅಪ್ಪನೇ ಈ ಹಾಡಿನ ಪ್ರಶ್ನೆಯನ್ನು ಸಾಯುವವರೆಗೂ ಕೇಳಿದ್ದರು. ಅಪ್ಪ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವವರು. ಮಗ ಮೊದಲ ಸಲ ಗಿಟಾರ್ ತಂದಾಗ ಅದನ್ನು ಬೆಳಕಿಗೆ ಹಿಡಿದು, ಅಂಗೈಯಿಂದ ಸವರಿ, "ಮರ ಒಳ್ಳೇದು. ಕೆಲಸಾನೂ ಶುದ್ಧವಾಗಿದೆ" ಎಂದು ಒಪ್ಪಿದ್ದರು. ಮಗ ನುಡಿಸಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕಾದು, "ಸರಿ, ಹಾಡು ಯಾವಾಗ ಶುರು?" ಎಂದಿದ್ದರು.

ಆ ವಾದ್ಯ ಅವರಿಗೆ ಅಂಟಿಕೊಂಡ ಬಗೆ ಹೀಗೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಪ್ಪನ ಕೈಗಡಿಯಾರ ರಿಪೇರಿಗೆ ಕೊಡಲು ಹೋಗಿದ್ದರು. ಅಂಗಡಿಯ ಮಹಡಿಯಿಂದ ಇಬ್ಬರು ಸೇರಿ ನುಡಿಸುವ ಸದ್ದು ಬರುತ್ತಿತ್ತು. ಒಬ್ಬರು ಕೆಳಗಿನ ಸ್ವರಗಳನ್ನು ನಿಧಾನವಾಗಿ, ನಡೆಯುವವರ ಹೆಜ್ಜೆಯಂತೆ ಇಡುತ್ತಿದ್ದರು. ಇನ್ನೊಬ್ಬರು ಅದರ ಮೇಲೆ ಒಂದೇ ಸಮನೆ ಸಣ್ಣ ದನಿಯ ಎಳೆಯೊಂದನ್ನು, ಎಲ್ಲೂ ಕಡಿಯದೆ ಎಳೆಯುತ್ತಿದ್ದರು. ನೋಡೋಣವೆಂದು ಮೆಟ್ಟಿಲು ಹತ್ತಿದರೆ ಒಳಗಿದ್ದವನು ಒಬ್ಬನೇ ಮುದುಕ. ಎಡಗಾಲನ್ನು ಚಿಕ್ಕ ಕಾಲುಮಣೆಯ ಮೇಲಿಟ್ಟುಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ ಗಿಟಾರನ್ನು ಕೂರಿಸಿಕೊಂಡು ನುಡಿಸುತ್ತಿದ್ದ. ಇನ್ನೊಬ್ಬರೆಲ್ಲಿ ಎಂದು ಹುಡುಗ ಬಾಗಿಲ ಹಿಂದೆ ಇಣುಕಿ ನೋಡಿದ.

"ಹುಡುಕ್ತಿರೋದು ಯಾರನ್ನ?" ಮುದುಕ ಕೇಳಿದ.

"ಇನ್ನೊಬ್ಬರು?"

ಮುದುಕ ನಗಲಿಲ್ಲ. ಬಲಗೈ ಎತ್ತಿ ತೋರಿಸಿದ. "ಹೆಬ್ಬೆರಳು ಒಬ್ಬ. ಈ ಮೂವರು ಸೇರಿ ಇನ್ನೊಬ್ಬ. ಉಂಗುರದ ಬೆರಳು ಶುರು ಮಾಡ್ತಾನೆ, ನಡುಬೆರಳು ಇಸ್ಕೋತಾನೆ, ತೋರುಬೆರಳು ಮುಗಿಸ್ತಾನೆ, ಮತ್ತೆ ಉಂಗುರದವನ ಕೈಗೆ ಕೊಡ್ತಾನೆ. ಮೂವರು ಅಂತ ಕೇಳೋರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಕಲಿತಿದ್ದು ದಂಡ."

ಆ ಮುದುಕನೇ ಮುಂದೆ ಇವರಿಗೆ ದೊಡ್ಡ ಮೇಷ್ಟ್ರಾದ. ಮೂವರು ಅಂತ ಗೊತ್ತಾಗದ ಹಾಗೆ ನುಡಿಸಲು ಇವರಿಗೆ ಏಳು ವರ್ಷ ಹಿಡಿಯಿತು. ಅದಾದ ಮೇಲೂ ದಿನ ಬೆಳಗಾದರೆ ಆ ಬೆರಳುಗಳನ್ನು ಒಂದೊಂದಾಗಿ ತಿದ್ದಬೇಕಿತ್ತು. ದೊಡ್ಡ ಮೇಷ್ಟ್ರು ತೀರಿಕೊಂಡಾಗ ಅವರ ಗಿಟಾರ್ ಇವರ ಪಾಲಿಗೆ ಬಂತು. ಅದರ ಜೊತೆಗೆ ಆ ಮೂರು ಬೆರಳಿನ ನುಡಿಸಾಣಿಕೆಯೂ ಬಂತು. ಆ ಊರಿನಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಬಲ್ಲವರಿಲ್ಲದ ವಿದ್ಯೆಗೆ ಬೆಲೆ ಕಟ್ಟುವವರೂ ಇರುವುದಿಲ್ಲ. ಮದುವೆ ಮಾತುಕತೆಯಲ್ಲಿ ಹುಡುಗಿಯ ಸೋದರಮಾವ ಕೇಳಿದ್ದು ಬಹಳ ದಿನ ಮನೆಯ ನಗೆಮಾತಾಗಿ ಉಳಿಯಿತು.

"ಹುಡುಗ ಏನ್ ಮಾಡ್ಕೊಂಡಿದ್ದಾನೆ?"

"ಗಿಟಾರ್ ನುಡಿಸ್ತಾನೆ, ಹೇಳಿಕೊಡ್ತಾನೆ" ಎಂದರು ಅಪ್ಪ.

"ಅದು ಸರಿ, ಸಂತೋಷ. ಕೆಲಸ ಏನು?"

ಹುಡುಗಿ ಆಗಲೇ ಹೊಲಿಗೆ ಮಾಡುತ್ತಿದ್ದಳು. ಆಸ್ಪತ್ರೆಯ ದಾದಿಯರ, ವಾರ್ಡಿನವರ ಸಮವಸ್ತ್ರವನ್ನು ಮನೆಯಲ್ಲೇ ಹೊಲಿದು ಕೊಡುವ ಕೆಲಸ. ಅವಳು ಈ ಮಾತನ್ನೆಲ್ಲ ಕೇಳಿಸಿಕೊಂಡು ಒಂದೇ ಒಂದು ಮಾತು ಹೇಳಿದಳಂತೆ: "ಇಬ್ಬರೂ ಮನೇಲಿ ಕೂತೇ ಕೆಲಸ ಮಾಡೋರು. ಪರವಾಗಿಲ್ಲ." ಮದುವೆಯಾಯಿತು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಇವರು, ಹಿಂದಿನದರಲ್ಲಿ ಹೊಲಿಗೆ ಯಂತ್ರ. ಮಕ್ಕಳಾಗಲಿಲ್ಲ. ಬೆಳಗಿನ ಹೊತ್ತು ಗೋಡೆಯ ಈ ಕಡೆ ತಂತಿ, ಆ ಕಡೆ ಸೂಜಿ. ಇವರು ನುಡಿಸುವುದರ ಬಗ್ಗೆ ಅವಳು ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳಿದ್ದಿಲ್ಲ. ಅವಳು ಹೊಲಿದ ಅಂಗಿಯ ಬಗ್ಗೆ ಇವರೂ ಹೇಳಿದ್ದಿಲ್ಲ.

ಮಧ್ಯಾಹ್ನ ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ ಪಾಠ. ಸಂಜೆ ದೊಡ್ಡ ಹೋಟೆಲೊಂದರ ಲಾಬಿಯಲ್ಲಿ, ಲಿಫ್ಟಿನ ಪಕ್ಕದ ಮೂಲೆಯಲ್ಲಿ ನುಡಿಸುವುದು. ಅಲ್ಲಿ ಬರುವವರು ಹೋಗುವವರು ನಾನಾ ಥರ. ಕಾಲುಮಣೆ ಕಂಡು "ಕಾಲಿಗೆ ಪೆಟ್ಟಾಗಿದೆಯಾ?" ಎಂದು ಒಬ್ಬರು ಕೇಳಿದರೆ, ಎದುರಿನ ಸ್ವರಲಿಪಿಯ ಹಾಳೆ ಕಂಡು "ಇನ್ನೂ ಬಾಯಿಪಾಠ ಆಗಿಲ್ವಾ?" ಎಂದು ಇನ್ನೊಬ್ಬರು. ಫೋನಿನಲ್ಲಿ ಮಾತಾಡುತ್ತಿದ್ದವನೊಬ್ಬ ಒಮ್ಮೆ ಬೆರಳಾಡಿಸಿ ಕರೆದ.

"ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡ್ರೀ."

"ಇದಕ್ಕೆ ವಾಲ್ಯೂಮ್ ಇಲ್ಲ ಸರ್. ಕರೆಂಟಿನದಲ್ಲ."

"ಹಾಗಾದ್ರೆ ಆಫ್ ಮಾಡಿ."

ಇಂಥದ್ದನ್ನೆಲ್ಲ ಮನೆಗೆ ಬಂದು ಹೇಳಿ ನಗುತ್ತಿದ್ದರು. ಹೆಂಡತಿ ಗುಂಡಿ ಹಾಕುತ್ತ ಕೇಳುವಳು. "ಕೋಣನ ಮುಂದೆ ಕಿನ್ನರಿ ಬಾರಿಸೋದಕ್ಕೆ ನಿಮಗೆ ಸಂಬಳಾನೂ ಕೊಡ್ತಾರಲ್ಲ, ಇನ್ನೇನ್ ಬೇಕು" ಎನ್ನುವಳು. ನಗುವುದಕ್ಕೆ ಆಗುತ್ತಿತ್ತು, ಯಾಕೆಂದರೆ ಕೇಳುವವರು ಹೇಗಿದ್ದರೂ ಕೈ ನೆಟ್ಟಗಿತ್ತು.

ಕೈ ಕೆಟ್ಟದ್ದು ಹೇಗೆ ಶುರುವಾಯಿತೆಂದು ಅವರಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಉಂಗುರದ ಬೆರಳು ತಂತಿಗೆ ಚೂರು ತಡವಾಗಿ ಬಂತು. ಚಳಿಗೆ ಇರಬೇಕೆಂದು ಕೈಯುಜ್ಜಿಕೊಂಡರು. ಮರುವಾರವೂ ಹಾಗೇ ಆಯಿತು. ಆಮೇಲೆ ಅದು ತಡವಾಗಿ ಬರುವುದೂ ನಿಂತು, ತಂತಿಯ ಹತ್ತಿರ ಹೋದ ಕೂಡಲೇ ಮುಟ್ಟಿದ ಬಸವನಹುಳುವಿನ ಹಾಗೆ ಅಂಗೈಯೊಳಕ್ಕೆ ಸುರುಟಿಕೊಳ್ಳತೊಡಗಿತು. ಅದನ್ನು ಬಿಡಿಸಲು ಹೋದರೆ ನಡುಬೆರಳು ನೆಟ್ಟಗೆ ಸೆಟೆದು ನಿಲ್ಲುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಒಂದೇ ಅಂಗೈಯಲ್ಲಿ ಅದು ನಡೆದಿತ್ತು.

ನೋವಿಲ್ಲ, ಬಾವಿಲ್ಲ. ಗಿಟಾರ್ ಕೆಳಗಿಟ್ಟರೆ ಬೆರಳು ಹೇಳಿದ ಮಾತು ಕೇಳುತ್ತದೆ. ಲೋಟ ಹಿಡಿಯುತ್ತದೆ, ಗುಂಡಿ ಹಾಕುತ್ತದೆ. ಗಿಟಾರ್ ಎತ್ತಿಕೊಂಡರೆ ಸುರುಟಿಕೊಳ್ಳುತ್ತದೆ. ಮೇಷ್ಟ್ರು ಇದನ್ನು ಅಭ್ಯಾಸದ ಕೊರತೆ ಎಂದುಕೊಂಡರು. ಕಲಿತವರಿಗೆ ಬರುವ ಬುದ್ಧಿ ಅದೊಂದೇ. ಬೆಳಗಿನ ಎರಡು ಗಂಟೆಯ ಅಭ್ಯಾಸ ನಾಲ್ಕು ಗಂಟೆಯದಾಯಿತು. ಹಠ ಮಾಡುವ ಮಗುವನ್ನು ಬಡಿದ ಹಾಗೆ ಆ ಬೆರಳನ್ನು ದುಡಿಸಿದರು. ದುಡಿಸಿದಷ್ಟೂ ಅದು ಮೊಂಡು ಬಿತ್ತು.

ಒಂದು ದಿನ ಗೋಡೆಯಾಚೆ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ರೀ, ಒಂದು ಮಾತು ಕೇಳಲಾ?"

"ಏನು?"

"ಅದು ಮೊದಲು ನೀರು ಸುರಿದ ಹಾಗೆ ಬರ್ತಿತ್ತು. ಈಗ ತೊಟ್ಟಿಕ್ಕಿದ ಹಾಗೆ ಬರ್ತಿದೆ. ತಂತಿ ಹಳೇದಾಯ್ತಾ?"

ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ತಿಂಗಳುಗಟ್ಟಲೆ ತಮ್ಮಿಂದಲೇ ಮುಚ್ಚಿಟ್ಟುಕೊಂಡದ್ದನ್ನು ಅವಳು ಬಾಗಿಲಲ್ಲಿ ನಿಂತು ಬಿಚ್ಚಿಟ್ಟಿದ್ದಳು. "ನಿಂಗೇನ್ ಗೊತ್ತಾಗುತ್ತೆ ಇದೆಲ್ಲ? ಹೋಗಿ ಬಟ್ಟೆ ಹೊಲಿ" ಎಂದುಬಿಟ್ಟರು.

ಅವಳು ಹಿಂದಿನ ಕೋಣೆಗೆ ಹೋದಳು. ಅವತ್ತು ಯಂತ್ರದ ಸದ್ದು ಬಹಳ ಹೊತ್ತು ಬರಲಿಲ್ಲ. ಊರಿನ ಜನ ತಮ್ಮನ್ನು ಏನೇನೋ ಕೇಳಿ ನೋಯಿಸಿದ್ದುಂಟು. ಆದರೆ ತಾವು ಈಗ ಅವಳಿಗೆ ಅಂದಂಥ ಮಾತನ್ನು ಅವರ್ಯಾರೂ ಆಡಿರಲಿಲ್ಲ. ಇದು ಮೇಷ್ಟ್ರಿಗೆ ಆಗಲೇ ಹೊಳೆದಿತ್ತು. ಹೊಳೆದರೂ ಎದ್ದು ಹೋಗಿ ತಪ್ಪಾಯಿತು ಎನ್ನಲು ನಾಲಗೆ ಏಳಲಿಲ್ಲ.

ಅದೇ ಸಮಯಕ್ಕೆ ಅಣ್ಣನ ಮಗಳ ಮದುವೆ ಬಂತು. ಅಣ್ಣನದು ಬಣ್ಣದ ಅಂಗಡಿ. ತಮ್ಮನ ಮೇಲೆ ಅಕ್ಕರೆಯೇನೋ ಉಂಟು, ತಮ್ಮನ ಕೆಲಸದ ಮೇಲೆ ಮಾತ್ರ ಎಳ್ಳಷ್ಟೂ ನಂಬಿಕೆ ಇಲ್ಲ. ಮದುವೆಯ ಊಟದ ಸಂಜೆ ಎಲ್ಲರೆದುರಿಗೆ ನುಡಿಸಲೇಬೇಕೆಂದು ಹಠ ಹಿಡಿದ. ಮೇಷ್ಟ್ರು ಏನೇನೋ ನೆಪ ಹೇಳಿದರು. "ಹೋಟೆಲಲ್ಲಿ ಕಂಡಕಂಡವರಿಗೆ ನುಡಿಸ್ತೀಯ, ಮನೆ ಮಗಳಿಗೆ ಆಗಲ್ವೇನೋ?" ಎಂದ ಮೇಲೆ ಒಪ್ಪಿಕೊಂಡರು.

ಸಭಾಂಗಣ ತುಂಬ ಜನ. ಅಣ್ಣ ಮೈಕು ಹಿಡಿದು, "ಈಗ ನನ್ನ ತಮ್ಮ ಒಂದೆರಡು ಹಾಡು ಹಾಡ್ತಾನೆ" ಎಂದು ಸಾರಿದ. ಮೈಕಿನವನು ವೈರು ಹಿಡಿದುಕೊಂಡು ಗಿಟಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಎಲ್ಲಿ ಚುಚ್ಚಲಿ ಸರ್? ತೂತೇ ಇಲ್ವಲ್ಲ" ಎಂದ. ಕೊನೆಗೆ ಮೈಕನ್ನೇ ಎದುರಿಗೆ ನಿಲ್ಲಿಸಿದರು.

ಮೇಷ್ಟ್ರು ಶುರು ಮಾಡಿದ್ದು ದೊಡ್ಡ ಮೇಷ್ಟ್ರ ಮಹಡಿಯಲ್ಲಿ ಮೊದಲ ದಿನ ಕೇಳಿದ್ದ ಅದೇ ಕೃತಿ. ಬೇರೆ ಏನನ್ನಾದರೂ ಆರಿಸಿಕೊಳ್ಳಬಹುದಿತ್ತು. ಜನರೆದುರು ಕೂತರೆ ಬೆರಳಿಗೆ ಹಳೆಯದೆಲ್ಲ ನೆನಪಾಗಬಹುದೆಂಬ ಆಸೆ. ಮೊದಲ ಭಾಗ ಹೇಗೋ ದಾಟಿತು. ಎರಡನೆಯದರ ಹೊಸ್ತಿಲಲ್ಲಿ ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡಿತು, ಬಿಚ್ಚಲಿಲ್ಲ. ಅದನ್ನು ನೋಡಿ ನಡುಬೆರಳು ಸೆಟೆಯಿತು. ಮೇಲಿನ ಎಳೆ ಪರಪರನೆ ಹರಿದು, ಹೆಬ್ಬೆರಳೊಂದೇ ಕತ್ತಲಲ್ಲಿ ಗೋಡೆ ತಡವುವವನ ಹಾಗೆ ನಾಲ್ಕು ಸ್ವರ ಮುಂದೆ ಹೋಗಿ ನಿಂತಿತು. ಮಾನ ಹೋಯಿತು ಎಂದು ಮೇಷ್ಟ್ರು ತಲೆ ತಗ್ಗಿಸಿದರು.

ಚಪ್ಪಾಳೆ ಬಿತ್ತು. ಕೃತಿ ಅಲ್ಲಿಗೆ ಮುಗಿಯಿತೆಂದು ಜನ ಅಂದುಕೊಂಡಿದ್ದರು.

"ಈಗ ಹಾಡು ಹೇಳಪ್ಪಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮದುಮಗಳು ಬಂದು ಕೈ ಹಿಡಿದುಕೊಂಡು, "ತುಂಬಾ ಚೆನ್ನಾಗಿತ್ತು ಚಿಕ್ಕಪ್ಪ. ಸ್ವಲ್ಪ ಚಿಕ್ಕದಾಯ್ತು ಅಷ್ಟೇ" ಎಂದಳು. ಹಿಡಿದಿದ್ದು ಆ ಕೈಯನ್ನೇ. ಅದು ಅವಳ ಕೈಯೊಳಗೆ ಮೆತ್ತಗೆ, ಏನೂ ಆಗದ ಹಾಗೆ ಬಿದ್ದುಕೊಂಡಿತ್ತು.

ಕೈ ತೊಳೆಯುವ ಜಾಗಕ್ಕೆ ಹೋಗಿ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತರು. ಹಿಂದೆಯೇ ಹೆಂಡತಿ ಬಂದಳು. ಗಿಟಾರನ್ನು ಪೆಟ್ಟಿಗೆಗೆ ಹಾಕಿ ತಾನೇ ಹೊತ್ತುಕೊಂಡು ಬಂದಿದ್ದಳು. ನಲ್ಲಿ ನಿಲ್ಲಿಸಿ, ಸೆರಗಿನಿಂದ ಅವರ ಕೈ ಒರೆಸಿದಳು.

"ತಂತಿ ಹಳೇದಾಗಿರಲಿಲ್ಲ" ಎಂದರು ಮೇಷ್ಟ್ರು.

"ಗೊತ್ತು. ನಾಳೆ ಡಾಕ್ಟರ ಹತ್ರ ಹೋಗೋಣ."

ನರದ ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಸೂಜಿ ಚುಚ್ಚಿದರು, ಬರೆಸಿದರು, ಬೆರಳು ಮಡಚಿ ಬಿಡಿಸಲು ಹೇಳಿದರು. ಎಲ್ಲದಕ್ಕೂ ಕೈ ವಿಧೇಯ ಮಗುವಿನ ಹಾಗೆ ನಡೆದುಕೊಂಡಿತು. ಗಿಟಾರ್ ತಂದಿದ್ದು ಒಳ್ಳೆಯದಾಯಿತು. ಅದನ್ನು ಹಿಡಿದ ಕೂಡಲೇ ಡಾಕ್ಟರ ಕಣ್ಣೆದುರೇ ಬೆರಳು ಸುರುಟಿಕೊಂಡಿತು.

"ಕೈಯಲ್ಲಿ ಏನೂ ತೊಂದರೆ ಇಲ್ಲ. ಮೆದುಳಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತೆ. ಒಂದೇ ಚಲನೆನ ವರ್ಷಾನುಗಟ್ಟಲೆ ಮಾಡಿದಾಗ ಕೆಲವರಲ್ಲಿ ಆ ಜಾಗಗಳು ಒಂದಕ್ಕೊಂದು ಬೆರೆತುಹೋಗುತ್ತೆ. ಯಾವ ಬೆರಳಿಗೆ ಹೇಳ್ತಿದ್ದೀನಿ ಅಂತ ಮೆದುಳಿಗೇ ಗೊತ್ತಾಗಲ್ಲ."

"ಅಭ್ಯಾಸ ಹೆಚ್ಚಿಸಿದ್ರೆ?"

"ಹೆಚ್ಚಿಸಿದಷ್ಟೂ ಬೆರೆಯುತ್ತೆ."

ಬೆಳಗಿನ ಆ ನಾಲ್ಕು ಗಂಟೆಗಳ ಅಭ್ಯಾಸವೆಲ್ಲ ಮೇಷ್ಟ್ರ ಕಣ್ಮುಂದೆ ಬಂದು ನಿಂತಿತು. ಉಗುರಲ್ಲಿ ಹೋಗಬಹುದಾಗಿದ್ದಕ್ಕೆ ತಾವೇ ಕೊಡಲಿ ಹಾಕಿದ್ದರು.

"ವಾಸಿಯಾಗುತ್ತಾ?" ಹೆಂಡತಿ ಕೇಳಿದಳು.

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇಂಜೆಕ್ಷನ್ ಇದೆ, ಕೆಲವರಿಗೆ ಉಪಯೋಗವಾಗಿದೆ, ಕೆಲವರಿಗೆ ಇಲ್ಲ. ಮೊದಲಿಂದ ಕಲಿಯುವ ದಾರಿಯೂ ಇದೆ, ಅದು ವರ್ಷಗಳ ಮಾತು. ಆಮೇಲೆ ಧೈರ್ಯ ತುಂಬುವ ದನಿಯಲ್ಲಿ ಅಂದರು: "ನೋಡಿ, ನಿಮ್ಮ ಪುಣ್ಯ. ಊಟ, ಬರವಣಿಗೆ, ದಿನದ ಕೆಲಸ ಯಾವುದಕ್ಕೂ ತೊಂದರೆ ಇಲ್ಲ. ಗಿಟಾರ್ ಒಂದೇ ತಾನೇ? ಪ್ಲಾಸ್ಟಿಕ್ ಪಿಕ್ ಇಟ್ಕೊಂಡು ಬಾರಿಸಬಹುದಲ್ಲ. ನನ್ನ ಮಗಳೂ ಹಾಗೇ ಬಾರಿಸ್ತಾಳೆ. ಹಾಡ್ತಾಳೆ ಕೂಡ. ನೀವು ಹಾಡ್ತೀರಾ?"

ಹೊರಗೆ ಬಂದ ಮೇಲೆ ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಯಾವಾಗಲೂ ನಗು ತರಿಸುತ್ತಿದ್ದ ಪ್ರಶ್ನೆಗೆ ಅವತ್ತು ನಗು ಬರಲಿಲ್ಲ. ಹೆಂಡತಿಗೂ ಬರಲಿಲ್ಲ.

ಇಂಜೆಕ್ಷನ್ ಹಾಕಿಸಿದರು. ಬೆರಳು ಸುರುಟಿಕೊಳ್ಳುವುದು ನಿಂತಿತು, ಹಾಗೆಯೇ ಕೆಲಸ ಮಾಡುವುದೂ ನಿಂತಿತು. ನೆನೆದ ಬತ್ತಿಯ ಹಾಗೆ ಜೋತುಬಿತ್ತು. ಔಷಧದ ಬಲ ಇಳಿದ ಮೇಲೆ ಮತ್ತೆ ಮೊದಲಿನ ಕಥೆ. ಇನ್ನೊಮ್ಮೆ ಹಾಕಿಸಲು ಅವರು ಒಪ್ಪಲಿಲ್ಲ.

ಹೋಟೆಲಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂಬ ಭಯ. ಮೂರು ಬೆರಳಿನ ಕೃತಿಗಳನ್ನೆಲ್ಲ ಬಿಟ್ಟು ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಆಗುವಂಥವನ್ನು ಹೊಂದಿಸಿಕೊಂಡರು. ಸ್ವರಗಳನ್ನು ಕಿತ್ತುಹಾಕಿದರು. ಮಧ್ಯದ ದನಿಯನ್ನು ಪೂರ್ತಿ ತೆಗೆದರು. ಗೋಡೆ ಕೆಡವಿ ಕಂಬಗಳನ್ನಷ್ಟೇ ಉಳಿಸಿದ ಮನೆಯ ಹಾಗಾಯಿತು ಅದು. ಮೊದಲ ಸಂಜೆ, ಇವತ್ತು ಯಾರಾದರೂ ಎದ್ದು ಬಂದು, ಏನಯ್ಯಾ ಇದು ಎಂದು ಕೇಳುತ್ತಾರೆ ಎಂದು ಕಾದರು. ಯಾರೂ ಬರಲಿಲ್ಲ. ಲಿಫ್ಟು ಹತ್ತಿತು, ಇಳಿಯಿತು. ಎರಡನೆಯ ವಾರ ಮ್ಯಾನೇಜರು ಹತ್ತಿರ ಬಂದರು.

"ಮೇಷ್ಟ್ರೇ, ಈಚೆಗೆ ಏನೋ ಬದಲಾವಣೆ ಮಾಡಿದ್ದೀರ ಅನ್ಸುತ್ತೆ."

ಸಿಕ್ಕಿಬಿದ್ದೆ ಎಂದುಕೊಂಡರು ಮೇಷ್ಟ್ರು. ಜೊತೆಗೆ, ಕೊನೆಗೂ ಒಬ್ಬರಿಗೆ ಕಿವಿ ಇದೆಯಲ್ಲ ಎಂದು ಒಂದು ಬಗೆಯ ಹಗುರವೂ ಆಯಿತು.

"ಹೌದು ಸರ್. ಅದು..."

"ಚೆನ್ನಾಗಿದೆ! ಮೊದಲು ಏನೋ ಗಡಿಬಿಡಿ ಗಡಿಬಿಡಿ ಅನ್ಸೋದು. ಈಗ ಹಾಯಾಗಿದೆ. ಇದನ್ನೇ ಇಟ್ಕೊಳ್ಳಿ."

ಅವತ್ತು ಉಳಿದ ಹೊತ್ತಿನಲ್ಲಿ ಅವರು ಒಂದು ಕೆಲಸ ಮಾಡಿದರು. ತೋರುಬೆರಳನ್ನೂ ನಿಲ್ಲಿಸಿ, ಬರೀ ಹೆಬ್ಬೆರಳಿನಲ್ಲಿ, ಬರೀ ಕೆಳಗಿನ ಸ್ವರಗಳನ್ನು ಒಂದಾದ ಮೇಲೊಂದು ಬಾರಿಸಿದರು. ರಾಗವಿಲ್ಲ, ತಲೆಬುಡವಿಲ್ಲ. ಸೋಫಾದಲ್ಲಿದ್ದ ದಂಪತಿ ಏಳುವಾಗ ಇವರ ಕಡೆ ತಿರುಗಿ, ನಕ್ಕು, ಮೆಲ್ಲಗೆ ಚಪ್ಪಾಳೆ ತಟ್ಟಿ ಹೋದರು.

ಯಾರಾದರೂ ಜಗಳ ತೆಗೆದಿದ್ದರೆ, ಬೈದಿದ್ದರೆ, ತಡೆದುಕೊಳ್ಳಬಹುದಿತ್ತು. ಇಷ್ಟು ವರ್ಷ ತಾವು ಕೊಟ್ಟದ್ದನ್ನು ಜನ ಕಡಿಮೆ ಬೆಲೆಗೆ ಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದರು ಮೇಷ್ಟ್ರು. ಕೊಂಡೇ ಇರಲಿಲ್ಲ ಎಂದು ಅವತ್ತು ತಿಳಿಯಿತು. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಲಿಲ್ಲ. ನಗೆಯಾಡಿ ಹೇಳುವ ಹಾಗಿರಲಿಲ್ಲ, ಅತ್ತು ಹೇಳುವ ರೂಢಿಯೂ ಅವರಿಗಿರಲಿಲ್ಲ.

ಕೆಲವು ತಿಂಗಳ ಮೇಲೆ ಮ್ಯಾನೇಜರು ಹಾಡುವ ಹೆಂಗಸೊಬ್ಬಳನ್ನು ಗೊತ್ತುಮಾಡಿದರು. ಮೇಷ್ಟ್ರು ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಚೂರು ಹಿಡಿದು ಝಣಝಣ ಬಾರಿಸಬೇಕು. ಅವರು ಒಪ್ಪಿಕೊಂಡರು. ಆ ಹೆಂಗಸು ಒಳ್ಳೆಯವಳು, ಶ್ರುತಿ ತಪ್ಪುತ್ತಿರಲಿಲ್ಲ. ಅವಳ ಮೇಲೆ ಇವರಿಗೆ ಯಾವ ಸಿಟ್ಟೂ ಇರಲಿಲ್ಲ. ಅಣ್ಣ ಒಮ್ಮೆ ಅತ್ತಿಗೆಯನ್ನು ಕರೆದುಕೊಂಡು ಅಲ್ಲಿಗೆ ಬಂದ. ಎದ್ದು ನಿಂತು ಚಪ್ಪಾಳೆ ಹೊಡೆದ. ಆಮೇಲೆ ತಮ್ಮನ ಬೆನ್ನು ತಟ್ಟಿ, "ಈಗ ನೋಡು, ಗಿಟಾರ್ ಅಂದ್ರೆ ಇದು! ಇಷ್ಟು ವರ್ಷ ಯಾಕೋ ಆ ಟಿಣ್ ಟಿಣ್ ಹಿಡ್ಕೊಂಡಿದ್ದೆ?" ಎಂದ. ಅವನ ಕಣ್ಣಲ್ಲಿ ನಿಜವಾದ ಹೆಮ್ಮೆಯಿತ್ತು. ಅದನ್ನು ಕಂಡು ಮೇಷ್ಟ್ರಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಅಣ್ಣ, ನನ್ನ ಕೈ ಹೋಗಿದೆ" ಎಂದರು.

"ಎಲ್ಲಿ?" ಅಣ್ಣ ಕೈ ಹಿಡಿದು ನೋಡಿದ. ವಿಷಯ ಕೇಳಿದ ಮೇಲೆ ಸಮಾಧಾನ ಹೇಳಿದ. "ಒಂದು ಬೆರಳು ತಾನೇ? ಐದು ಬೆರಳೂ ಒಂದೇ ಸಮ ಇರುತ್ತೇನೋ? ಕಾರ್ಖಾನೇಲಿ ಬೆರಳೇ ಕಳ್ಕೊಂಡೋರಿದ್ದಾರೆ. ಅವರೆಲ್ಲ ಬದುಕ್ತಿಲ್ವಾ?"

ಅವನ ಮಾತು ಸುಳ್ಳಲ್ಲ. ಬೆರಳು ಕತ್ತರಿಸಿ ಹೋಗಿದ್ದರೆ ಜನಕ್ಕೆ ಕಾಣುತ್ತಿತ್ತು. ಮನೆಗೆ ಬಂದು ನೋಡಿ ಮರುಗಿ ಹೋಗುತ್ತಿದ್ದರು. ಇವರ ಬೆರಳು ಇದ್ದಲ್ಲೇ ಇತ್ತು, ಉಗುರಿನ ಹೊಳಪೂ ಹಾಗೇ ಇತ್ತು.

ಮುಂದೆ ಹೋಟೆಲಿನವರು ಹಾಡುವವಳನ್ನೂ ಇವರನ್ನೂ ಬಿಡಿಸಿ, ಚಾವಣಿಗೆ ಸ್ಪೀಕರ್ ಹಾಕಿಸಿದರು. ವಾದ್ಯದಂಗಡಿಯ ಪಾಠವೂ ಸೊರಗಿತು. ನುಡಿಸಿ ತೋರಿಸಲಾಗದ ಮೇಷ್ಟ್ರು, ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ. ಕಲಿಯುವವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕೊನೆಯವರೆಗೆ ಉಳಿದವಳು ಕೆಲಸದಿಂದ ನಿವೃತ್ತಳಾದ ಟಪಾಲು ಕಚೇರಿಯ ಹೆಂಗಸೊಬ್ಬಳು. ಮಗ ಬೇರೂರಿಗೆ ಕರೆದೊಯ್ದ ಮೇಲೆ ಅವಳೂ ಬರಲಿಲ್ಲ.

ಹೆಂಡತಿ ಸಮವಸ್ತ್ರ ಹೊಲಿದು ಕೊಡುತ್ತಿದ್ದ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು. ಒಗೆದು ಬಂದ ಹೊದಿಕೆ, ದಿಂಬಿನ ಚೀಲಗಳನ್ನು ಮಡಚಿ ವಾರ್ಡುವಾರು ಜೋಡಿಸುವ ಕೆಲಸ. ಅವಳು ತಾನಾಗಿ ಹೇಳಲಿಲ್ಲ. ಇವರೇ ಕೇಳಿದರು: "ನಿಮ್ಮ ಆಸ್ಪತ್ರೇಲಿ ಏನಾದ್ರೂ ಇದೆಯಾ?" ಮಾತಾಡಲು ಹೋದ ದಿನ ಮೇಲ್ವಿಚಾರಕಿ ಇವರ ಕೈ ನೋಡಿದಳು.

"ಇದೇನ್ರೀ ಉಗುರು? ಬಟ್ಟೆಗೆ ಸಿಕ್ಕಿ ಹರಿಯುತ್ತೆ. ರೋಗಿಗಳ ಬಟ್ಟೆ, ಕೊಳೆ ಕೂರುತ್ತೆ. ನಾಳೆ ಕತ್ತರಿಸ್ಕೊಂಡು ಬನ್ನಿ."

ಬಚ್ಚಲ ಕಿಟಕಿಯ ಬೆಳಕಿನಲ್ಲಿ ಕತ್ತರಿಸಿಕೊಂಡರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರದ ಬೆರಳಿಗೆ ಬಂದಾಗ ಹೆಂಡತಿ ಬಂದು ಕತ್ತರಿಗಾಗಿ ಕೈ ನೀಡಿದಳು. "ನಾನ್ ಮಾಡಲಾ?" ಎಂದಳು. ಬೇಡವೆಂದು ತಲೆಯಾಡಿಸಿ ಅದನ್ನೂ ತಾವೇ ಕತ್ತರಿಸಿಕೊಂಡರು. ಆಮೇಲೆ ನಾಲ್ಕೈದು ದಿನ ಬೆರಳ ತುದಿಗಳು ಸಿಪ್ಪೆ ತೆಗೆದ ಹಾಗೆ, ಮುಟ್ಟಿದ್ದೆಲ್ಲ ಹೊಸದೆಂಬ ಹಾಗೆ ಇದ್ದವು.

ಮಡಚುವ ಕೆಲಸದಲ್ಲಿ ಕೈ ಒಂದು ದಿನವೂ ತಕರಾರು ಮಾಡಲಿಲ್ಲ. ಉಂಗುರದ ಬೆರಳು ಬಟ್ಟೆಯ ಅಂಚನ್ನು ನಾಜೂಕಾಗಿ ಹಿಡಿದು, ನಡುಬೆರಳಿಗೆ ದಾಟಿಸಿ, ಮಡಿಕೆ ತೀಡುತ್ತಿತ್ತು. "ಎಷ್ಟು ಚುರುಕು ಕಣ್ರೀ ನಿಮ್ಮ ಕೈ!" ಎಂದು ಜೊತೆಯವರು ಹೊಗಳುತ್ತಿದ್ದರು. ಮೇಷ್ಟ್ರು ಆ ಬೆರಳನ್ನು, ಮನೆಯವರಿಗೆ ಮೋಸ ಮಾಡಿ ನೆರೆಮನೆಯಲ್ಲಿ ಒಳ್ಳೆಯವನೆನಿಸಿಕೊಂಡವನನ್ನು ನೋಡುವ ಹಾಗೆ ನೋಡುತ್ತಿದ್ದರು.

ಗಿಟಾರಿನ ತಂತಿ ಸಡಿಲಿಸಿ, ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲಿಟ್ಟರು. ಮಾರಲಿಲ್ಲ. ಅಣ್ಣ ತನ್ನ ಕಿರಿಯ ಮಗಳಿಗೆಂದು ಕೇಳಿದಾಗ, ಅವಳಿಗೆ ಹೊಸದನ್ನೇ ಕೊಡಿಸು ಎಂದರು. ಮುಂದಿನ ಕೋಣೆ ಖಾಲಿಯಾಯಿತು. ಅಲ್ಲಿ ಬೆಳಕು ಚೆನ್ನಾಗಿದೆಯೆಂದು ಹೊಲಿಗೆ ಯಂತ್ರವನ್ನು ಅಲ್ಲಿಗೆ ತಂದರು.

ವರ್ಷವೊಂದು ಕಳೆದಿರಬೇಕು. ರಜೆಯ ದಿನ ಬೆಳಿಗ್ಗೆ ಮೇಷ್ಟ್ರು ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಮುಂದೆ ಯಂತ್ರ ಓಡುತ್ತಿತ್ತು. ಅದರ ನಡುವೆ ಏನೋ ಗುನುಗುವ ಸದ್ದು. ಮೊದಲು ಗಮನವಿರಲಿಲ್ಲ. ಆಮೇಲೆ ಎದ್ದು ಕೂತರು. ದೊಡ್ಡ ಮೇಷ್ಟ್ರ ಕೃತಿ. ಹೆಂಡತಿ ಅದನ್ನು ಮೊದಲಿಂದ, ಒಂದು ತಿರುವನ್ನೂ ಬಿಡದೆ, ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. ಬಟ್ಟೆ ತಿರುಗಿಸುವಾಗ ನಿಲ್ಲಿಸುವಳು. ಸೂಜಿ ಇಳಿದ ಕೂಡಲೇ ನಿಲ್ಲಿಸಿದಲ್ಲಿಂದಲೇ ಹಿಡಿಯುವಳು. ತಾನು ಗುನುಗುತ್ತಿದ್ದೇನೆಂಬ ಪರಿವೆಯೇ ಅವಳಿಗಿರಲಿಲ್ಲ. ಮದುವೆಯ ಸಂಜೆ ಹರಿದುಹೋದ ಜಾಗ ಬಂತು. ಅವಳು ಅದನ್ನು ಸರಾಗವಾಗಿ ದಾಟಿ ಮುಂದೆ ಹೋದಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹಿಂಬಾಗಿಲಿನಿಂದ ಹೊರಬಿದ್ದರು. ಬಹಳ ದೂರ ನಡೆದರು. ಬಂದಾಗ ಮನೆ ನಿಶ್ಶಬ್ದವಾಗಿತ್ತು. ಮುಂದಿನ ರಜೆಯ ದಿನವೂ ಹಾಗೇ ಆಯಿತು. ಅದರ ಮುಂದಿನ ಸಲ ಯಂತ್ರದ ಸದ್ದಷ್ಟೇ ಇತ್ತು. ಅವಳಿಗೆ ಅರ್ಥವಾಗಿತ್ತು.

ಅವಳು ತುಟಿ ಬಿಗಿದು ಹೊಲಿಯುವುದನ್ನು ಮೇಷ್ಟ್ರು ಕೆಲವು ವಾರ ನೋಡಿದರು. ಕೊನೆಗೆ ಒಂದು ಬೆಳಿಗ್ಗೆ ಯಂತ್ರದ ಎದುರು ಸ್ಟೂಲು ಎಳೆದುಕೊಂಡು ಕೂತರು.

"ಯಾಕೆ ನಿಲ್ಲಿಸಿದೆ?"

"ಏನನ್ನ?"

"ಗೊತ್ತು ನಿಂಗೆ."

ಅವಳು ದಾರ ಕಡಿದಳು. "ನಿಮಗೆ ಹಿಂಸೆ ಆಗುತ್ತಲ್ಲ ಅಂತ."

"ಆಗುತ್ತೆ" ಎಂದರು ಮೇಷ್ಟ್ರು. "ಅವತ್ತು ನಿಂಗೇನ್ ಗೊತ್ತಾಗುತ್ತೆ ಅಂದಿದ್ನಲ್ಲ, ಅದು ನನ್ನ ತಪ್ಪು. ಈ ಊರಲ್ಲಿ ಕೇಳಿಸ್ಕೊಂಡೋಳು ನೀನೊಬ್ಬಳೇ."

"ಕೇಳಿಸ್ಕೊಳ್ಳದೆ ಎಲ್ಲಿಗೆ ಹೋಗ್ಲಿ? ಒಂದೇ ಗೋಡೆ" ಎಂದಳು ಅವಳು. ಕಣ್ಣು ಬಟ್ಟೆಯ ಮೇಲೇ ಇತ್ತು, ಕೈ ಮಾತ್ರ ನಿಂತಿತ್ತು.

"ಹಿಂಸೆ ಆದ್ರೂ ಪರವಾಗಿಲ್ಲ. ಹೇಳು. ಎರಡನೇ ಭಾಗದಿಂದ."

"ಹೀಗೆ ಹೇಳಿಸಿದ್ರೆ ನಂಗೆ ಬರಲ್ಲ ರೀ. ತಾನಾಗೇ ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ."

ಅವಳು ಬಟ್ಟೆಯ ತೋಳೊಂದನ್ನು ಎತ್ತಿ ಅಂಗಿಯ ಹೆಗಲಿಗೆ ಹೊಂದಿಸಿ, ಯಂತ್ರದ ಸೂಜಿ ಇಳಿಸಿದಳು. ಮೇಷ್ಟ್ರು ಸ್ಟೂಲಿನಿಂದ ಏಳಲಿಲ್ಲ. ಅವತ್ತು ಅವಳು ಮೂರು ಅಂಗಿ ಮುಗಿಸಿದಳು. ಅದು ಬರಲಿಲ್ಲ.